ಬೇಡವೆಂದವನ ಬಾಗಿಲಲ್ಲಿ ದೇವರು

‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆ ಮೂಲತಃ ಭಕ್ತರನ್ನು ಛೇಡಿಸುವ ಮಾತು. ಸುಖದಲ್ಲಿದ್ದಾಗ ದೇವರ ನೆನಪೇ ಇಲ್ಲದವನು ಕಷ್ಟ ಬಂದೊಡನೆ ಹರಕೆ ಹೊರುತ್ತಾನೆ ಎಂಬ ನಗು ಅದರಲ್ಲಿದೆ. ಆದರೆ ನಮ್ಮ ಮನೆಗಳಲ್ಲಿ ಈ ಗಾದೆಗೆ ಇನ್ನೊಂದು ಬಳಕೆಯೂ ಉಂಟು. ದೇವರನ್ನು ನಂಬುವುದಿಲ್ಲ ಎಂದವರಿಗೆ ಅದನ್ನು ಭವಿಷ್ಯ ನುಡಿದಂತೆ ಹೇಳುತ್ತಾರೆ: ಈಗ ಹೀಗೆ ಮಾತಾಡು, ನಿನಗೂ ಒಂದು ಕಾಲ ಬರುತ್ತದೆ, ಆಗ ನೋಡೋಣ. ಹೇಳಿದವರ ದನಿಯಲ್ಲಿ ಪ್ರೀತಿಯೇ ಇರಬಹುದು. ಕೇಳಿಸಿಕೊಂಡವರು ಮಾತ್ರ ಒಮ್ಮೆಲೇ ಬಿಗಿಯುತ್ತಾರೆ, ಉತ್ತರ ಖಾರವಾಗುತ್ತದೆ, ಊಟದ ಮನೆ ವಾದದ ಮನೆಯಾಗುತ್ತದೆ.

ಈ ಖಾರಕ್ಕೆ ನಂಬಿಕೆಯುಳ್ಳವರ ಬಳಿ ಒಂದು ಸಿದ್ಧ ವಿವರಣೆ ಇದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡು ನೋಡಿದಂತೆ, ನಾಸ್ತಿಕನಿಗೆ ಒಳಗೊಳಗೇ ಅಳುಕಿದೆ. ಇಲ್ಲದಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಈ ವಿವರಣೆ ಪೂರ್ತಿ ಸುಳ್ಳೆಂದು ಹೇಳಲಾಗದು. ಆದರೆ ಇದೇ ಸಂದರ್ಭವನ್ನು ಕೇಂದ್ರದಲ್ಲಿಟ್ಟುಕೊಂಡ ಎರಡು ಬರಹಗಳನ್ನು ಅಕ್ಕಪಕ್ಕದಲ್ಲಿ ಓದಿದರೆ ಬೇರೆಯೇ ಕಾರಣಗಳು ಕಾಣುತ್ತವೆ. ಒಂದು, ಲಾಹೋರಿನ ಸೆರೆಮನೆಯಲ್ಲಿ 1930ರಲ್ಲಿ ಭಗತ್ ಸಿಂಗ್ ಬರೆದ ‘ನಾನೇಕೆ ನಾಸ್ತಿಕ’. ಇನ್ನೊಂದು, ಆಲ್ಬರ್ಟ್ ಕಮೂ 1942ರಲ್ಲಿ ಪ್ರಕಟಿಸಿದ, ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷಿನ ಮೂಲಕ ‘ದಿ ಔಟ್‌ಸೈಡರ್’ ಎಂದು ಬಲ್ಲ ಕಾದಂಬರಿಯ ಕೊನೆಯ ಅಧ್ಯಾಯ. ಒಂದು ಪ್ರಬಂಧ, ಒಂದು ಕತೆ. ಎರಡರಲ್ಲೂ ಸಾವಿನ ಹತ್ತಿರ ನಿಂತ ಯುವಕನೊಬ್ಬನಿದ್ದಾನೆ, ಅವನನ್ನು ಪ್ರಾರ್ಥನೆಗೆ ಒಪ್ಪಿಸಲು ಬಂದವರಿದ್ದಾರೆ.

ಭಗತ್ ಸಿಂಗ್ ಪ್ರಬಂಧದ ಹಿಂದೆ ಬಾಬಾ ರಣಧೀರ್ ಸಿಂಗ್ ಅವರ ಭೇಟಿ ಇದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ರಣಧೀರ್ ಸಿಂಗ್ ಗದರ್ ಚಳವಳಿಯವರು, ತಾವೇ ದೀರ್ಘಕಾಲ ಸೆರೆಯಲ್ಲಿದ್ದವರು, ಗಾಢ ದೈವಭಕ್ತರು. ಕಿರಿಯ ಕ್ರಾಂತಿಕಾರಿಯ ಮನಸ್ಸನ್ನು ತಿರುಗಿಸಲು ಯತ್ನಿಸಿ, ಆಗದಿದ್ದಾಗ, ಕೀರ್ತಿ ನಿನ್ನ ತಲೆಗೇರಿದೆ, ಅಹಂಕಾರ ದೇವರಿಗೂ ನಿನಗೂ ನಡುವೆ ತೆರೆಯಾಗಿ ನಿಂತಿದೆ ಎಂಬರ್ಥದ ಮಾತಾಡಿದರಂತೆ. ಪ್ರಬಂಧದಲ್ಲಿ ಅವರ ಹೆಸರಿಲ್ಲ. ಆದರೆ ಬರಹ ಶುರುವಾಗುವುದೇ ಈ ಆಪಾದನೆಯಿಂದ: ನನ್ನ ನಾಸ್ತಿಕತೆಗೆ ಅಹಂಕಾರ ಕಾರಣವೇ?

ಇಲ್ಲಿ ಪ್ರಬಂಧದ ಕಟ್ಟಡವನ್ನು ಗಮನಿಸಬೇಕು. ಶೀರ್ಷಿಕೆ ನೋಡಿ ದೇವರ ಅಸ್ತಿತ್ವದ ಚರ್ಚೆಯನ್ನು ನಿರೀಕ್ಷಿಸುವ ಓದುಗನಿಗೆ ಮೊದಲ ಪುಟಗಳಲ್ಲಿ ಸಿಗುವುದು ಭಗತ್ ಸಿಂಗನ ಆತ್ಮಕತೆ. ತಾನು ಎಂಥ ಹುಡುಗನಾಗಿದ್ದೆ, ಮನೆಯಲ್ಲಿ ಎಂಥ ಸಂಸ್ಕಾರವಿತ್ತು, ಪ್ರಾರ್ಥನೆ ಮಾಡುತ್ತಿದ್ದ ತಾನು ಏನೇನು ಓದಿ ಎಲ್ಲಿಗೆ ಬಂದೆ, ಪ್ರಸಿದ್ಧಿ ಬರುವ ಮೊದಲೇ ತನ್ನ ನಂಬಿಕೆ ಹೇಗೆ ಹೋಗಿತ್ತು ಎಂದು ಆತ ಸಾಕ್ಷಿ ಒದಗಿಸುತ್ತಾ ಹೋಗುತ್ತಾನೆ. ಸೃಷ್ಟಿಕರ್ತನಿದ್ದರೆ ಲೋಕದಲ್ಲಿ ಇಷ್ಟು ದುಃಖವೇಕೆ, ಹಿಂದಿನ ಜನ್ಮದ ಪಾಪವೆಂಬ ವಿವರಣೆ ಯಾರಿಗೆ ಅನುಕೂಲ ಎಂಬ ಮೊನಚಾದ ಪ್ರಶ್ನೆಗಳು ಬರುವುದು ಆಮೇಲೆ. ಅಂದರೆ ದೇವರ ಬಗ್ಗೆ ಮಾತಾಡಬೇಕಾದವನು ಮೊದಲು ತನ್ನ ಬಗ್ಗೆ ಜವಾಬು ಕೊಡಬೇಕಾಯಿತು.

ಮತಬೋಧನೆ ನಾಸ್ತಿಕನನ್ನು ಕೆರಳಿಸುವುದಕ್ಕೆ ಮೊದಲ ಕಾರಣ ಇದು. ಒತ್ತಾಯದ ಬೋಧನೆ ಬಹುಮಟ್ಟಿಗೆ ವಾದವನ್ನು ಮುಂದಿಡುವುದಿಲ್ಲ, ರೋಗನಿರ್ಣಯ ಮಾಡುತ್ತದೆ. ನಿನ್ನದು ಅಹಂಕಾರ, ನಿನ್ನದು ವಯಸ್ಸಿನ ಬಿಸಿ, ನಿನಗಾದ ನೋವು ಹೀಗೆ ಮಾತಾಡಿಸುತ್ತಿದೆ, ನೀನು ಓದಿದ ಪುಸ್ತಕಗಳು ಕೆಡಿಸಿವೆ. ವಾದವಾಗಿದ್ದರೆ ಪ್ರತಿವಾದ ಹೂಡಬಹುದು. ರೋಗನಿರ್ಣಯಕ್ಕೆ ಏನು ಹೇಳಿದರೂ ಅದು ರೋಗದ ಇನ್ನೊಂದು ಲಕ್ಷಣವಾಗುತ್ತದೆ. ಅಹಂಕಾರವಿಲ್ಲ ಎಂದು ಗಟ್ಟಿಯಾಗಿ ಹೇಳಿದವನಿಗಿಂತ ಅಹಂಕಾರಿ ಯಾರು? ಕೋಪ ಬಂದರೆ ಅಳುಕು, ಸುಮ್ಮನಿದ್ದರೆ ಉತ್ತರವಿಲ್ಲ. ಹೆಗಲು ಮುಟ್ಟಿಕೊಂಡನೆಂದು ನಗುವವರು, ಮುಟ್ಟಿಕೊಳ್ಳದೆ ಬೇರೆ ದಾರಿಯಿಲ್ಲದಂತೆ ಅವನನ್ನು ನಿಲ್ಲಿಸಿದ್ದನ್ನು ಮರೆತಿರುತ್ತಾರೆ.

ಎರಡನೆಯ ಕಾರಣ ಹೇಳಿದ ಜಾಗದಲ್ಲಿ ಮತ್ತು ಹೊತ್ತಿನಲ್ಲಿದೆ. 1927ರಲ್ಲಿ ಮೊದಲ ಬಾರಿ ಬಂಧನವಾದಾಗ ಪೊಲೀಸ್ ಅಧಿಕಾರಿಗಳು ತಪ್ಪೊಪ್ಪಿಗೆಯ ಹೇಳಿಕೆಗಾಗಿ ಬೆನ್ನು ಹತ್ತಿದ್ದನ್ನು ಭಗತ್ ಸಿಂಗ್ ನೆನೆಯುತ್ತಾನೆ. ಅವರಲ್ಲೇ ಕೆಲವರು ಎರಡು ಹೊತ್ತೂ ದೇವರ ಪ್ರಾರ್ಥನೆ ಮಾಡು ಎಂದೂ ಒತ್ತಾಯಿಸಿದರಂತೆ. ನೆಮ್ಮದಿಯ ದಿನಗಳಲ್ಲಿ ಮಾತ್ರ ತಾನು ನಾಸ್ತಿಕನೋ, ಇಂಥ ಹೊತ್ತಿನಲ್ಲೂ ಹೌದೋ ಎಂದು ಆತ ತನ್ನನ್ನೇ ಕೇಳಿಕೊಂಡು, ಪ್ರಾರ್ಥಿಸುವುದಿಲ್ಲವೆಂದು ನಿರ್ಧರಿಸುತ್ತಾನೆ. ಕಮೂನ ಕಾದಂಬರಿಯಲ್ಲೂ ಇದರ ಪ್ರತಿರೂಪವಿದೆ. ಕೊಲೆ ಮಾಡಿದ ಮರ್ಸೋನನ್ನು ವಿಚಾರಣೆ ಮಾಡುವ ಮ್ಯಾಜಿಸ್ಟ್ರೇಟ್ ತನ್ನ ಕಚೇರಿಯಲ್ಲೇ ಬೆಳ್ಳಿಯ ಶಿಲುಬೆಯೊಂದನ್ನು ಹೊರತೆಗೆದು ಅವನ ಮುಂದೆ ಆಡಿಸುತ್ತಾನೆ. ಎರಡೂ ಕಡೆ ತಪ್ಪೊಪ್ಪಿಗೆಯನ್ನೂ ಭಕ್ತಿಯನ್ನೂ ಕೇಳುವ ಬಾಯಿ ಒಂದೇ. ಬೇಡವೆಂದು ಎದ್ದು ಹೋಗಲಾರದವನಿಗೆ ಹೇಳಿದ ಧರ್ಮ ಯಾವ ಧರ್ಮವಾದರೂ ಅಧಿಕಾರದ ಕೈಯಂತೆಯೇ ಕಾಣುತ್ತದೆ. ಆಸ್ಪತ್ರೆಯ ಹಾಸಿಗೆ, ಸಾವಿನ ಮನೆ, ಹಾಸ್ಟೆಲಿನ ಕೋಣೆ, ಮದುವೆಯಾಗಿ ಹೋದ ಮನೆ: ಇಲ್ಲೆಲ್ಲ ಕೇಳುವವನು ಒಂದಲ್ಲ ಒಂದು ರೀತಿ ಕಟ್ಟುಬಿದ್ದಿರುತ್ತಾನೆ.

ಆ ಮ್ಯಾಜಿಸ್ಟ್ರೇಟನ ದೃಶ್ಯದಲ್ಲಿ ಇನ್ನೊಂದು ಸೂಕ್ಷ್ಮವನ್ನು ಕಮೂ ಹಿಡಿದಿದ್ದಾನೆ. ದೇವರನ್ನು ನಂಬುವುದಿಲ್ಲವೆಂದು ಮರ್ಸೋ ಹೇಳಿದಾಗ ಮ್ಯಾಜಿಸ್ಟ್ರೇಟ್ ಸಿಟ್ಟಾಗುತ್ತಾನೆ. ಅದು ಅಸಾಧ್ಯ, ಹಾಗೆಂದು ತಾನು ಸಂಶಯಪಟ್ಟರೆ ತನ್ನ ಬದುಕಿಗೇ ಅರ್ಥವಿಲ್ಲದೆ ಹೋಗುತ್ತದೆ, ನನ್ನ ಬದುಕು ಅರ್ಥ ಕಳೆದುಕೊಳ್ಳಲೆಂದು ನಿನ್ನ ಆಸೆಯೇ ಎಂದು ಕೂಗಾಡುತ್ತಾನೆ. ಕೈದಿಯ ಒಳಿತಿಗಾಗಿ ಶುರುವಾದ ಮಾತು ಎರಡೇ ನಿಮಿಷದಲ್ಲಿ ಬೋಧಿಸುವವನ ರಕ್ಷಣೆಗೆ ತಿರುಗಿತು. ಬೋಧನೆಗೆ ಗುರಿಯಾದವರು ಇದನ್ನು ಬೇಗ ಗುರುತಿಸುತ್ತಾರೆ. ತನ್ನ ಉದ್ಧಾರದ ನೆಪದಲ್ಲಿ ಎದುರಿನವರ ಭಯವನ್ನು ತಾನು ಹೊರಬೇಕಾಗಿದೆ ಎನ್ನಿಸಿದಾಗ ಹುಟ್ಟುವ ಕಿರಿಕಿರಿಯನ್ನು ವಾದದಿಂದ ಶಮನ ಮಾಡಲಾಗದು.

ಅಮೆರಿಕದ ಮನೋವಿಜ್ಞಾನಿ ಜ್ಯಾಕ್ ಬ್ರೆಮ್ 1966ರಲ್ಲಿ ಮಂಡಿಸಿದ ಸಿದ್ಧಾಂತವೊಂದು ಈ ಬಿಗಿತಕ್ಕೆ ಸರಳ ಚೌಕಟ್ಟು ಕೊಡುತ್ತದೆ. ಆಯ್ಕೆಯ ಸ್ವಾತಂತ್ರ್ಯಕ್ಕೆ ಯಾರೋ ಕೈಹಾಕುತ್ತಿದ್ದಾರೆಂದು ಅನ್ನಿಸಿದರೆ, ಮನುಷ್ಯ ಅದನ್ನು ಮರಳಿ ಪಡೆಯಲು ಹೊರಡುತ್ತಾನೆ. ಬೇಡವೆಂದ ಕಡೆಗೇ ಮನಸ್ಸು ಎಳೆಯುತ್ತದೆ. ಮಕ್ಕಳನ್ನು ಸಾಕಿದವರಿಗೆ ಹೊಸ ವಿಷಯವೇನಲ್ಲ. ಆದರೆ ಅಂಗಡಿಯವನು ಸೀರೆ ಕೊಳ್ಳಲು ಒತ್ತಾಯಿಸಿದಾಗಿನ ಮುನಿಸಿಗೂ ಪಾದ್ರಿಯ ಮುಂದೆ ಮರ್ಸೋ ಸಿಡಿದದ್ದಕ್ಕೂ ಇರುವ ದೂರವನ್ನು ಈ ಸಿದ್ಧಾಂತ ದಾಟುವುದಿಲ್ಲ. ಅದಕ್ಕೆ ಕಾದಂಬರಿಗೇ ಹೋಗಬೇಕು.

ಮರಣದಂಡನೆಯಾದ ಮೇಲೆ ಮರ್ಸೋ ಪಾದ್ರಿಯ ಭೇಟಿಯನ್ನು ಮೂರು ಸಲ ನಿರಾಕರಿಸಿರುತ್ತಾನೆ. ಪಾದ್ರಿ ಆದರೂ ಕೋಣೆಗೆ ಬರುತ್ತಾನೆ. ಕೆಟ್ಟವನಲ್ಲ, ಮೃದುವಾಗಿ ಮಾತಾಡುತ್ತಾನೆ. ನಾವೆಲ್ಲರೂ ಮರಣದಂಡನೆಗೆ ಗುರಿಯಾದವರೇ ಎನ್ನುತ್ತಾನೆ. ಈ ಗೋಡೆಯ ಕಲ್ಲುಗಳಲ್ಲಿ ಎಷ್ಟೋ ನತದೃಷ್ಟರು ದೇವರ ಮುಖ ಕಂಡಿದ್ದಾರೆ ಎನ್ನುತ್ತಾನೆ. ತಾನು ಆ ಗೋಡೆಯಲ್ಲಿ ಹುಡುಕಿದ್ದು ಗೆಳತಿ ಮರೀಯ ಮುಖವನ್ನು, ಅದೂ ಕಾಣಲಿಲ್ಲ ಎಂದು ಮರ್ಸೋ ಹೇಳುತ್ತಾನೆ. ಇಲ್ಲಿಯವರೆಗೂ ಅವನಿಗೆ ಇರುವುದು ಬೇಸರ ಮಾತ್ರ. ಅವನು ಸ್ಫೋಟಿಸುವುದು ಯಾವಾಗ? ಪಾದ್ರಿ ತನ್ನನ್ನು ಮಗನೆಂದು ಕರೆದು, ನಾನು ನಿನ್ನ ಪರವಾಗಿದ್ದೇನೆ, ನಿನ್ನ ಹೃದಯ ಕುರುಡಾದ್ದರಿಂದ ಅದು ನಿನಗೆ ತಿಳಿಯದು, ನಿನಗಾಗಿ ಪ್ರಾರ್ಥಿಸುತ್ತೇನೆ ಎಂದಾಗ. ಬೈಗುಳಕ್ಕೆ, ನರಕದ ಬೆದರಿಕೆಗೆ ಸಿಡಿಯದವನು ಕರುಣೆಗೆ ಸಿಡಿದು ಪಾದ್ರಿಯ ಕೊರಳಪಟ್ಟಿ ಹಿಡಿಯುತ್ತಾನೆ.

ಕಾರಣ ಸ್ಪಷ್ಟವಿದೆ. ಆ ಒಂದು ಮಾತಿನಲ್ಲಿ ಪಾದ್ರಿ, ಮರ್ಸೋ ಹೇಳಿದ್ದನ್ನೆಲ್ಲ ಅವನು ಹೇಳಿಯೇ ಇಲ್ಲವೆಂಬಂತೆ ಅಳಿಸಿಹಾಕುತ್ತಾನೆ. ನಿನಗೇನು ಗೊತ್ತಿದೆಯೆಂಬುದು ನಿನಗಿಂತ ನನಗೆ ಚೆನ್ನಾಗಿ ಗೊತ್ತು ಎಂಬ ನಿಲುವದು. ಸಾವಿಗೆ ಕೆಲವೇ ದಿನಗಳಿರುವ ಮನುಷ್ಯನ ಬಳಿ ಉಳಿದ ಒಂದೇ ಆಸ್ತಿಯೆಂದರೆ ತನ್ನ ಸಾವನ್ನು ತಾನು ಅರ್ಥಮಾಡಿಕೊಂಡ ಬಗೆ. ಪಾದ್ರಿ ಕೈಹಾಕಿದ್ದು ಅದಕ್ಕೆ.

ಇಷ್ಟಕ್ಕೆ ನಿಂತರೆ ನಾಸ್ತಿಕನ ಪರವಾದ ವಕಾಲತ್ತಾಗುತ್ತದೆ. ಕಮೂ ಹಾಗೆ ನಿಲ್ಲುವುದಿಲ್ಲ. ಮರ್ಸೋನ ಸಿಡಿತವನ್ನು ಎಚ್ಚರದಿಂದ ಓದಿದರೆ ಅದೂ ಒಂದು ಪ್ರವಚನವೇ. ಎಲ್ಲರ ಬದುಕೂ ಒಂದೇ, ಯಾವುದಕ್ಕೂ ಹೆಚ್ಚಿನ ಬೆಲೆಯಿಲ್ಲ, ಎಲ್ಲರೂ ಒಂದು ದಿನ ದಂಡನೆಗೆ ಗುರಿಯಾಗುವವರೇ ಎಂದು ಅವನು ಕೂಗುತ್ತಾನೆ. ಈ ಕೊನೆಯ ಮಾತು ಸ್ವಲ್ಪ ಮೊದಲು ಪಾದ್ರಿ ಆಡಿದ್ದು! ಇಡೀ ಕಾದಂಬರಿಯಲ್ಲಿ ಗೊತ್ತಿಲ್ಲ, ಹೇಳಲಾರೆ ಎನ್ನುತ್ತಿದ್ದವನು ಈಗ ಎಲ್ಲರ ಬಗ್ಗೆಯೂ ಖಚಿತವಾಗಿ ಮಾತಾಡುತ್ತಾನೆ. ಕಣ್ಣು ತುಂಬಿಕೊಂಡು ಹೊರಗೆ ಹೋಗುವವನು ಪಾದ್ರಿ. ಒತ್ತಾಯ ತನ್ನ ಎದುರಾಳಿಯನ್ನು ತನ್ನಂತೆಯೇ ಮಾಡಿಕೊಂಡಿದೆ.

ಪಾತ್ರಗಳು ಅದಲುಬದಲಾದರೆ ಏನಾಗುತ್ತದೆಂಬುದಕ್ಕೆ ಕನ್ನಡದಲ್ಲೇ ಉದಾಹರಣೆಯಿದೆ. ಅನಂತಮೂರ್ತಿಯವರ ‘ಭಾರತೀಪುರ’ದಲ್ಲಿ (1973) ಇಂಗ್ಲೆಂಡಿನಿಂದ ಮರಳಿದ ಜಮೀನುದಾರ ಜಗನ್ನಾಥ ಮನೆದೇವರ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು, ಮುಟ್ಟಿ ಎಂದು ಹೊಲೆಯರಿಗೆ ಹೇಳುತ್ತಾನೆ. ಅವರನ್ನು ಭಯದಿಂದ ಬಿಡಿಸುವುದು ಅವನ ಉದ್ದೇಶ. ಅವರು ಹೆದರಿ ಹಿಂಜರಿಯುತ್ತಾರೆ. ವಿನಂತಿ ಆಜ್ಞೆಯಾಗುತ್ತದೆ, ಆಜ್ಞೆ ಕ್ರೌರ್ಯವಾಗುತ್ತದೆ. ಯಾರ ಬಿಡುಗಡೆಗಾಗಿ ನಿಂತಿದ್ದನೋ ಅವರೇ ಅವನ ಕಣ್ಣಿಗೆ ಅಸಹ್ಯವಾಗುತ್ತಾರೆ. ಕೊನೆಗೆ ಅವರು ಮುಟ್ಟುತ್ತಾರೆ, ಒಡೆಯನ ಭಯಕ್ಕೆ. ಇಲ್ಲಿ ಬೋಧಕ ನಾಸ್ತಿಕ. ಅವನ ಮಾತಿನ ಹಿಂದೆ ನ್ಯಾಯವಿದೆ. ಆದರೂ ಆ ಅಂಗಳದಲ್ಲಿ ನಡೆದದ್ದು ಮರ್ಸೋನ ಕೋಣೆಯಲ್ಲಿ ನಡೆದದ್ದೇ: ಬೇಡವೆನ್ನುವ ಹಕ್ಕಿಲ್ಲದವರಿಗೆ ಒಳಿತನ್ನು ಹೇರಿದ್ದು. ಒತ್ತಾಯದ ತೊಡಕು ಯಾವುದನ್ನು ಬೋಧಿಸುತ್ತಾರೆಂಬುದಕ್ಕಿಂತ ಹೇಗೆ, ಯಾರಿಗೆ ಎಂಬುದರಲ್ಲಿ ಹೆಚ್ಚಿದೆಯೆಂದು ಈ ದೃಶ್ಯ ತೋರುತ್ತದೆ.

ಹಾಗಾದರೆ ಒತ್ತಾಯದಲ್ಲಿ ನಷ್ಟವಾಗುವುದೇನು? ನಂಬದವನೊಳಗೂ ಇರುವ ಸಂಶಯಗಳು ಮೊದಲು ನಷ್ಟವಾಗುತ್ತವೆ. ರಕ್ಷಣೆಗೆ ನಿಂತವನು ತನ್ನ ಕೋಟೆಯ ಬಿರುಕನ್ನು ತೋರಿಸಲಾರ. ಸತ್ತವರ ನೆನಪಾದಾಗ ತನಗೂ ಪ್ರಾರ್ಥನೆಯಂಥದೇನೋ ಬೇಕೆನ್ನಿಸುತ್ತದೆ ಎಂದು ಅವನು ಹೇಳಿದರೆ ಅದು ಸೋಲಿನ ದಾಖಲೆಯಾಗುತ್ತದೆ. ಆದ್ದರಿಂದ ಹೇಳುವುದಿಲ್ಲ, ಹೇಳದೆ ಹೇಳದೆ ಅನ್ನಿಸುವುದೂ ನಿಲ್ಲಬಹುದು.

ಭಗತ್ ಸಿಂಗ್ ಪ್ರಬಂಧದ ದೊಡ್ಡತನ ಇರುವುದು ಇಲ್ಲೇ. ಗಲ್ಲು ಎದುರಿಗಿರುವಾಗ ಅವನು ಆ ಬಿರುಕನ್ನು ತೋರಿಸುತ್ತಾನೆ. ನಂಬಿಕೆ ಕಷ್ಟವನ್ನು ಹಗುರ ಮಾಡುತ್ತದೆ, ದೇವರಲ್ಲಿ ಮನುಷ್ಯನಿಗೆ ಬಲವಾದ ಸಮಾಧಾನ ಸಿಗಬಲ್ಲದು, ಅದಿಲ್ಲದೆ ಬಿರುಗಾಳಿಯಲ್ಲಿ ತನ್ನ ಕಾಲ ಮೇಲೆ ನಿಲ್ಲುವುದು ಸುಲಭವಲ್ಲ ಎಂದು ಒಪ್ಪುತ್ತಾನೆ. ತನ್ನನ್ನು ಕಾಯ್ದುಕೊಳ್ಳಲೆಂದು ಶುರುವಾದ ಬರಹ ಕಾವಲನ್ನು ಇಳಿಸುವ ಕ್ಷಣವದು. ಕೊನೆಯಲ್ಲಿ ಗೆಳೆಯನೊಬ್ಬ, ಕೊನೆಯ ದಿನಗಳಲ್ಲಿ ನೀನೂ ನಂಬುತ್ತೀಯೆ ಎನ್ನುತ್ತಾನೆ. ನಮ್ಮ ವೆಂಕಟರಮಣನ ಗಾದೆಯ ಪಂಜಾಬಿ ರೂಪ. ಸ್ವಾರ್ಥಕ್ಕಾಗಿ ಪ್ರಾರ್ಥಿಸುವುದು ತನ್ನ ಮಟ್ಟಿಗೆ ಕುಸಿತವೆಂದು ಭಗತ್ ಸಿಂಗ್ ಉತ್ತರಿಸುತ್ತಾನೆ. ನಿಜವಾದ ಭಕ್ತನೂ ಒಪ್ಪುವ ಮಾತಲ್ಲವೇ ಇದು? ಬರೆದವನನ್ನು 1931ರ ಮಾರ್ಚ್ 23ರಂದು ಗಲ್ಲಿಗೇರಿಸಿದರು. ಪ್ರಬಂಧ ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಾಹೋರಿನ ‘ದಿ ಪೀಪಲ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಒತ್ತಾಯದ ನೆರಳಿಲ್ಲದಿದ್ದರೆ ಇದೇ ಮಾತು ಯಾವ ದನಿಯಲ್ಲಿ ಬರಬಹುದೆಂದು ತಿಳಿಯಲು ಎ.ಎನ್. ಮೂರ್ತಿರಾಯರ ‘ದೇವರು’ (1991) ಓದಬೇಕು. ತೊಂಬತ್ತರ ವಯಸ್ಸಿನಲ್ಲಿ, ಯಾವ ಪಾದ್ರಿಯೂ ಬಾಗಿಲು ತಟ್ಟದ ಬಿಡುವಿನಲ್ಲಿ, ಲಲಿತಪ್ರಬಂಧದ ಹರಟೆಯ ಸೌಜನ್ಯವನ್ನು ಬಿಡದೆ ಅವರು ದೇವರನ್ನು ಏಕೆ ನಂಬಲಾಗದೆಂದು ಬರೆದರು. ನಂಬಿಕೆಯುಳ್ಳವರೂ ಆ ಪುಸ್ತಕವನ್ನು ಓದಿದರು, ಈಗಲೂ ಓದುತ್ತಾರೆ. ಭಗತ್ ಸಿಂಗನಿಗೆ ಆ ವಯಸ್ಸೂ ಆ ಬಿಡುವೂ ಸಿಗಲಿಲ್ಲ. ಸಿಕ್ಕಿದ್ದರೆ ಅವನ ಪ್ರಬಂಧ ಬಹುಶಃ ತನ್ನ ಸ್ವಭಾವದ ಸಮರ್ಥನೆಯಿಂದ ಶುರುವಾಗದೆ, ನೇರವಾಗಿ ದೇವರಿಂದಲೇ ಶುರುವಾಗುತ್ತಿತ್ತು.