ವೂಸ್ಟರಿನ ವಿಡಂಬನದ ಗಿಂಡಿ

ಹಳೆಯ ಆಂಗ್ಲ ಪಿಂಗಾಣಿಯನ್ನು ಸಂಗ್ರಹಿಸುವವರು ಚಹದ ಗಿಂಡಿಯೊಂದು ಕೈಗೆ ಬಂದೊಡನೆ ಅದನ್ನು ಮಗುಚಿ ಅಡಿಯನ್ನು ನೋಡುವರು. ಅಲ್ಲಿರುವ ಮುದ್ರೆಯಿಂದ ಕಾರ್ಖಾನೆಯೂ ಕಾಲವೂ ತಿಳಿಯುತ್ತವೆ. ಬೆಲೆಯೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿರುತ್ತದೆ. ರಾಯಲ್ ವೂಸ್ಟರ್ ಕಾರ್ಖಾನೆಯಲ್ಲಿ 1882ರಲ್ಲಿ ಸಿದ್ಧವಾದ ಒಂದು ಗಿಂಡಿಯ ಅಡಿಯಲ್ಲಿ ಮಾತ್ರ ಮುದ್ರೆಯೊಡನೆ ಒಂದು ಲಿಖಿತವಾಕ್ಯವೂ ಉಂಟು. ಮನುಷ್ಯನು ತನ್ನ ಗಿಂಡಿಗೆ ಯೋಗ್ಯನಾಗಿ ಬಾಳಲು ಹೊರಟರೆ, ಪ್ರಕೃತಿಯ ಆಯ್ಕೆ ಮತ್ತು ವಿಕಾಸಗಳ ನಿಯಮದಂತೆ ಘೋರ ಪರಿಣಾಮಗಳು ಒದಗುವುವೆಂಬುದು ಅದರ ತಾತ್ಪರ್ಯ. ಗಿಂಡಿಯನ್ನು ಮಗುಚಿ ನೋಡುವವನು ಸಂಗ್ರಾಹಕನೇ. ಏಟು ಬೀಳುವುದೂ ಅವನಿಗೇ.

ಆರ್. ಡಬ್ಲ್ಯು. ಬಿನ್ಸ್ ಎಂಬವರ ಯೋಜನೆಯಂತೆ ಜೇಮ್ಸ್ ಹ್ಯಾಡ್ಲಿ ಎಂಬ ಶಿಲ್ಪಿ ಇದನ್ನು ರೂಪಿಸಿದನೆಂದು ಪ್ರಸಿದ್ಧಿ. ಒಂದು ಮುಖದಲ್ಲಿ ಎದೆಗೆ ಸೂರ್ಯಕಾಂತಿಯನ್ನು ಮುಡಿದ ಯುವಕ. ತಿರುಗಿಸಿದರೆ ಲಿಲಿಪುಷ್ಪವನ್ನು ಧರಿಸಿದ ಯುವತಿ. ಇಬ್ಬರಿಗೂ ಒಂದೇ ದೇಹ. ಸೊಂಟದ ಮೇಲಿಟ್ಟ ಒಂದು ಕೈ ಗಿಂಡಿಯ ಹಿಡಿ. ಮಣಿಕಟ್ಟು ಸಡಿಲವಾಗಿ ಬಾಗಿದ ಇನ್ನೊಂದು ಕೈ ಅದರ ಮೂತಿ.

ಆ ಕಾಲದ ಸೌಂದರ್ಯೋಪಾಸಕರ ಪಂಥವನ್ನು ತಿಳಿಯದೆ ಈ ಕೃತಿಯ ಅರ್ಥವಾಗದು. ತನ್ನ ನೀಲಿ ಪಿಂಗಾಣಿಗೆ ತಕ್ಕಂತೆ ಬಾಳುವುದು ದಿನದಿನಕ್ಕೆ ಕಷ್ಟವಾಗುತ್ತಿದೆಯೆಂದು ಆಸ್ಕರ್ ವೈಲ್ಡನು ಆಕ್ಸ್‌ಫರ್ಡಿನಲ್ಲಿ ಹೇಳಿದನೆಂಬ ಮಾತು ಹಬ್ಬಿತ್ತು. 1880ರ ಅಕ್ಟೋಬರಿನಲ್ಲಿ ‘ಪಂಚ್’ ಪತ್ರಿಕೆಯಲ್ಲಿ ಡು ಮೋರಿಯೇ ಬರೆದ ವ್ಯಂಗ್ಯಚಿತ್ರದಲ್ಲಿ ನವದಂಪತಿಗಳು ಗಿಂಡಿಯೊಂದನ್ನು ನೋಡಿ ಅದಕ್ಕೆ ಯೋಗ್ಯರಾಗಲು ಹಂಬಲಿಸುತ್ತಾರೆ. 1881ರಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ನರ ‘ಪೇಷೆನ್ಸ್’ ಎಂಬ ಗೀತನಾಟಕವು ಇದೇ ಪಂಥವನ್ನು ರಂಗದ ಮೇಲೆ ನಗೆಗೀಡುಮಾಡಿತು. ವೂಸ್ಟರಿನ ಶಿಲ್ಪಿಯು ಆ ಹಾಸ್ಯಕ್ಕೆ ಕಡೆಯ ಹೆಜ್ಜೆಯನ್ನು ಸೇರಿಸಿದನು: ಗಿಂಡಿಗೆ ತಕ್ಕವರಾಗಲು ಬಯಸಿದವರು ಇಲ್ಲಿ ಗಿಂಡಿಯೇ ಆಗಿಬಿಟ್ಟಿದ್ದಾರೆ.

ಕೃತಿಯ ಹಿರಿಮೆ ಇರುವುದು ಇಲ್ಲಿಯೇ. ವಿಕೃತವಾದ ಆಕಾರ, ವೇಷ, ಚೇಷ್ಟೆಗಳು ಹಾಸ್ಯಕ್ಕೆ ಕಾರಣವೆಂದು ನಮ್ಮ ಆಲಂಕಾರಿಕರು ಹೇಳುತ್ತಾರೆ. ಇಲ್ಲಿ ಆ ಮೂರೂ ಇವೆ. ಆದರೂ ಯಾವುದೂ ಹೊರಗಿನಿಂದ ಅಂಟಿಸಿದುದಲ್ಲ. ಕೈ ಬಾಗದಿದ್ದರೆ ಚಹ ಸುರಿಯದು. ಉಪಯೋಗವೇ ಉಪಹಾಸವಾಗಿರುವ ಇಂತಹ ಐಕ್ಯ ವಿಡಂಬನ ಸಾಹಿತ್ಯದಲ್ಲಿಯೂ ವಿರಳ.

ಆದರೆ ಗುಣದೊಡನೆ ದೋಷವನ್ನೂ ಹೇಳಬೇಕು. ವಸ್ತುವಿಗೆ ಮನುಷ್ಯನಿಗಿಂತ ಹೆಚ್ಚಿನ ಬೆಲೆ ಕಟ್ಟುವ ಮರುಳನ್ನು ನಗುವುದು ನ್ಯಾಯವಾದ ಹಾಸ್ಯ. ಈ ಗಿಂಡಿಯ ನಗೆ ಅಲ್ಲಿಗೆ ನಿಲ್ಲುವುದಿಲ್ಲ. ಗಂಡಸಿನಲ್ಲಿ ಹೆಣ್ಣಿಗನ ಲಕ್ಷಣವನ್ನು ತೋರಿಸಿ, ಅವನ ಕುಲವೇ ಕ್ಷಯಿಸುವುದೆಂದು ವಿಜ್ಞಾನದ ಹೆಸರಿನಲ್ಲಿ ಸೂಚಿಸುತ್ತದೆ. 1895ರಲ್ಲಿ ಆಂಗ್ಲ ನ್ಯಾಯಾಲಯವು ಪುರುಷರೊಡನೆ ಸಂಬಂಧವಿಟ್ಟುಕೊಂಡ ಅಪರಾಧಕ್ಕಾಗಿ ವೈಲ್ಡನಿಗೆ ಎರಡು ವರ್ಷಗಳ ಕಠಿನ ಸೆರೆವಾಸವನ್ನು ವಿಧಿಸಿತು. ಆ ಶಿಕ್ಷೆಗೆ ಗಿಂಡಿ ಕಾರಣವಲ್ಲ. ಆದರೂ ಇಂದಿನ ಸಹೃದಯನು ಬಾಗಿದ ಆ ಕೈಯನ್ನು ನೋಡಿ ಮೊದಲಿನಂತೆ ನಿಶ್ಚಿಂತನಾಗಿ ನಗಲಾರನು. ಇನ್ನೊಂದು ಮಾತು: ಸೌಂದರ್ಯೋಪಾಸಕರು ಮೆಚ್ಚುತ್ತಿದ್ದ ಜಪಾನೀ ರೀತಿಯ ಪಾತ್ರೆಗಳನ್ನು ಇದೇ ಕಾರ್ಖಾನೆಯೂ ಮಾಡುತ್ತಿತ್ತು. ವಿಡಂಬನಕಾರನು ತನ್ನನ್ನು ಮಾತ್ರ ನಗೆಯಿಂದ ಹೊರಗಿಟ್ಟುಕೊಂಡನು.

ಈ ಕೊರತೆಯನ್ನು ತಿಳಿಯಲು ಚಾರ್ಲ್ಸ್ ಲ್ಯಾಮ್ 1823ರಲ್ಲಿ ಬರೆದ ‘ಓಲ್ಡ್ ಚೈನಾ’ ಪ್ರಬಂಧದೊಡನೆ ಗಿಂಡಿಯನ್ನು ಹೋಲಿಸಿ ನೋಡಬೇಕು. ಲ್ಯಾಮನೂ ಪಿಂಗಾಣಿಯ ಮೋಹವನ್ನು ನಗುತ್ತಾನೆ. ಆದರೆ ಆ ಮೋಹ ತನ್ನದೇ ಎಂದು ಮೊದಲೇ ಒಪ್ಪಿಕೊಳ್ಳುತ್ತಾನೆ. ಹೊಸದಾಗಿ ಕೊಂಡ ನೀಲಿ ಬಟ್ಟಲಿನಲ್ಲಿ ಚಹ ಕುಡಿಯುತ್ತಿರುವಾಗ ಬ್ರಿಜೆಟ್ಟಳು ಬಡತನದ ದಿನಗಳನ್ನು ನೆನೆಯುತ್ತಾಳೆ. ಹಣವಿಲ್ಲದಾಗ ಕೊಂಡದ್ದರಲ್ಲಿ ಗೆಲುವಿನ ಸವಿಯಿತ್ತು, ಈಗಿನದು ಬರಿಯ ಕ್ರಯ ಎನ್ನುತ್ತಾಳೆ. ಬಟ್ಟಲು ನೆಪ, ಕಳೆದ ಯೌವನ ವಿಷಯ. ಲ್ಯಾಮನ ಬಟ್ಟಲು ಇಬ್ಬರನ್ನು ಒಂದುಗೂಡಿಸುತ್ತದೆ. ವೂಸ್ಟರಿನ ಗಿಂಡಿ ಇಬ್ಬರನ್ನು ಒಂದೇ ದೇಹದಲ್ಲಿ ಬೆಸೆದೂ ಬೆನ್ನು ತಿರುಗಿಸಿ ನಿಲ್ಲಿಸುತ್ತದೆ.

ಸಂಗ್ರಾಹಕರನ್ನು ನಕ್ಕ ಈ ಗಿಂಡಿಯನ್ನು ಕಾಲಕ್ರಮದಲ್ಲಿ ಸಂಗ್ರಾಹಕರೇ ಬೆಲೆಕೊಟ್ಟು ಕಾಪಾಡಿದರು. ಅದು ವಿಡಂಬನೆಯ ಸೋಲೆಂದು ಭಾವಿಸಬೇಕಾಗಿಲ್ಲ. ಮುದ್ರೆಯನ್ನಷ್ಟೇ ನೋಡಿ ಇಡುವವನಿಗೆ ಅದೊಂದು ಅಪೂರ್ವ ಪದಾರ್ಥ. ಪಕ್ಕದ ವಾಕ್ಯವನ್ನೂ ಓದುವವನಿಗೆ ಒಂದು ಯುಗದ ಜಾಣ್ಮೆಯೂ ಕ್ರೌರ್ಯವೂ ಒಟ್ಟಿಗೆ ಕಾಣುವ ಗ್ರಂಥ.