ಸಂತ ಸೆರ್ವಾಸನ ಚಳಿ, ಲೌಬೆರ್ಖಿನ ರೀಸ್ಲಿಂಗ್

ವೈನಿನ ಹೆಸರಿನ ದಿನಾಚರಣೆಗಳಿಗೆ ಈಗ ಬರವಿಲ್ಲ. ಮಾರ್ಚ್ 13 ರೀಸ್ಲಿಂಗ್‌ನದು, ಏಪ್ರಿಲ್ 17 ಮಾಲ್ಬೆಕ್‌ನದು, ಮೇ ತಿಂಗಳ ಮೊದಲ ಶುಕ್ರವಾರ ಸೋವಿನ್ಯೋಂ ಬ್ಲಾಂನದು, ಅಕ್ಟೋಬರಿನ ನಾಲ್ಕನೆಯ ಶುಕ್ರವಾರ ಶಾಂಪೇನಿನದು. ಹುಡುಕುತ್ತಾ ಹೋದರೆ ವಾರಕ್ಕೊಂದಾದರೂ ಸಿಕ್ಕೀತು. ಕೆಲವಕ್ಕೆ ನೆಪಕ್ಕಾದರೂ ಒಂದು ಚರಿತ್ರೆಯಿದೆ. 1435ರ ಮಾರ್ಚ್ 13ರಂದು ಜರ್ಮನಿಯ ರುಸೆಲ್ಸ್‌ಹೈಮ್ ಕೋಟೆಯ ಲೆಕ್ಕಪತ್ರದಲ್ಲಿ ರೀಸ್ಲಿಂಗ್ ಬಳ್ಳಿ ಕೊಂಡ ಖರ್ಚು ಬರೆದಿಟ್ಟಿದ್ದಾರೆ; ಆ ದ್ರಾಕ್ಷಿಯ ಹೆಸರು ಸಿಗುವ ಅತಿ ಹಳೆಯ ದಾಖಲೆ ಅದೇ. ಮಾಲ್ಬೆಕ್ ದಿನ ಮಾತ್ರ ಅರ್ಜೆಂಟೀನಾದ ವೈನ್ ಮಾರುಕಟ್ಟೆ ಸಂಸ್ಥೆ 2011ರಲ್ಲಿ ಹುಟ್ಟುಹಾಕಿದ್ದು. ಮಾರುವವರು ಮಾರಲಿ, ನನ್ನ ತಕರಾರಿಲ್ಲ. ಆದರೆ ಬಾಟಲಿ ತೆರೆಯಲು ದಿನ ನೋಡುವುದೇ ಆದರೆ, ಬಳ್ಳಿಯ ಕಷ್ಟಸುಖಕ್ಕೆ ಸಂಬಂಧಪಟ್ಟ ದಿನ ನೋಡುವುದು ಮೇಲು. ಅಂಥ ದಿನಗಳು ಮಾಸ್ಟ್ರಿಕ್ಟ್ ಊರಿನ ಪಂಚಾಂಗದಲ್ಲಿ ಬೇಕಾದಷ್ಟಿವೆ.

ನೆದರ್ಲೆಂಡ್ಸ್ ಅಂದರೆ ಬಿಯರ್, ಚೀಸು, ಟ್ಯುಲಿಪ್ ಎಂದುಕೊಂಡವರಿಗೆ ಈ ಊರು ಬೇರೆಯೇ ದೇಶದಂತೆ ಕಾಣುತ್ತದೆ. ದೇಶದ ದಕ್ಷಿಣದ ತುದಿ, ಬೆಲ್ಜಿಯಂ ಗಡಿಗೆ ಅಂಟಿಕೊಂಡ ಊರು, ಜರ್ಮನಿಯೂ ದೂರವಿಲ್ಲ. ಉತ್ತರದ ಡಚ್ಚರು ಸಮುದ್ರಕ್ಕಿಂತ ತಗ್ಗಿನ ನೆಲದಲ್ಲಿ ಬದುಕಿದರೆ ಇಲ್ಲಿ ಗುಡ್ಡಗಳಿವೆ. ಗುಡ್ಡದ ಒಳಗೆ ಮೆದುವಾದ ಹಳದಿ ಸುಣ್ಣಗಲ್ಲು. ಭೂವಿಜ್ಞಾನಿಗಳು ಡೈನೋಸಾರ್ ಕಾಲದ ಕೊನೆಯ ಘಟ್ಟವನ್ನು ‘ಮಾಸ್ಟ್ರಿಕ್ಟಿಯನ್’ ಎಂದು ಕರೆಯುವುದು ಈ ಕಲ್ಲಿನಿಂದಲೇ. 1849ರಲ್ಲಿ ಬೆಲ್ಜಿಯಂನ ಆಂದ್ರೆ ದ್ಯುಮೋಂ ಇಟ್ಟ ಹೆಸರದು. ಸುಣ್ಣಗಲ್ಲು, ಅದರ ಮೇಲೆ ಮಾಸ್ ನದಿ ಎಂದೋ ತಂದು ಸುರಿದ ಉರುಟುಕಲ್ಲು, ಅದರ ಮೇಲೆ ಗಾಳಿ ಹೊತ್ತು ತಂದ ನುಣ್ಣನೆಯ ಮಣ್ಣು. ನೀರು ನಿಲ್ಲುವುದಿಲ್ಲ, ಬಿಸಿಲಿನ ಕಾವು ಬೇಗ ಆರುವುದಿಲ್ಲ. ದ್ರಾಕ್ಷಿಗೆ ಇನ್ನೇನು ಬೇಕು?

ಬಿಸಿಲು ಬೇಕು, ಅದೇ ಇಲ್ಲಿ ಕಡಿಮೆ. ಮಧ್ಯಯುಗದಲ್ಲಿ ಈ ಗುಡ್ಡಗಳ ಮೇಲೆ ದ್ರಾಕ್ಷಿ ಬೆಳೆಯುತ್ತಿದ್ದರು. ಚಳಿ ಹೆಚ್ಚಿದ ಶತಮಾನಗಳು, ಯುದ್ಧಗಳು, ಆಮೇಲೆ ಬೇರು ತಿನ್ನುವ ಫಿಲಾಕ್ಸೆರಾ ಕೀಟ, ಎಲ್ಲ ಸೇರಿ ಅದನ್ನು ಅಳಿಸಿಹಾಕಿದವು. ಮತ್ತೆ ಶುರುವಾದದ್ದು ಒಬ್ಬಿಬ್ಬರ ಹುಚ್ಚಿನಿಂದ. 1967ರಲ್ಲಿ ಫ್ರಿಟ್ಸ್ ಬಾಸ್ ಎಂಬುವರು ಸಿಂಟ್ ಪೀಟರ್ಸ್‌ಬೆರ್ಖ್ ಗುಡ್ಡದ ಸ್ಲಾವಾಂಟೆಯಲ್ಲಿ ಸಣ್ಣದೊಂದು ತೋಟ ಹಾಕಿದರು. 1970ರಲ್ಲಿ ಹಣ್ಣಿನ ತೋಟದ ರೈತ ಹ್ಯೂಗೋ ಹುಲ್ಸ್ಟ್ ಯೇಕರ್ ನದಿಯ ಕಣಿವೆ ಮೇಲಿನ ಲೌಬೆರ್ಖ್ ಇಳಿಜಾರಿನಲ್ಲಿ ಬಳ್ಳಿ ನೆಟ್ಟರು. ಅದೇ ಇಂದಿನ ಅಪೊಸ್ಟೆಲ್‌ಹೂವೆ, ವ್ಯಾಪಾರಕ್ಕೆಂದು ವೈನ್ ಮಾಡುವ ಡಚ್ ತೋಟಗಳಲ್ಲಿ ಎಲ್ಲಕ್ಕಿಂತ ಹಳೆಯದು. ಮಗ ಮಾಟ್ಯೂ ಅದನ್ನು ಬೆಳೆಸಿದರು. ಊರಿನ ಮಧ್ಯದಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಮ್ಯುಲರ್-ಥುರ್ಗೌ, ಓಕ್ಸೆರ್ವಾ, ರೀಸ್ಲಿಂಗ್, ಪಿನೋ ಗ್ರಿ, ಅಲ್ಲಿರುವುದೆಲ್ಲ ಬಿಳಿ ವೈನ್. ಈ ಬಿಸಿಲಿಗೆ ಅದೇ ಜಾಣತನ. ಕೆಂಪು ಮಾಡುತ್ತೇವೆಂದು ಹೊರಟ ಉತ್ತರದ ತೋಟಗಳ ಬಾಟಲಿಗಳನ್ನೂ ಕುಡಿದಿದ್ದೇನೆ. ಆ ಮಾತು ಇಲ್ಲಿ ಬೇಡ.

ಈ ಊರಿನ ವೈನ್ ಪಂಚಾಂಗದ ಮುಖ್ಯ ದಿನ ಮೇ 13. ಅಂದು ಸಂತ ಸೆರ್ವಾಸನ ಹಬ್ಬ. ಆರ್ಮೇನಿಯಾದಿಂದ ಬಂದವನೆಂದು ಐತಿಹ್ಯ ಹೇಳುವ ಈ ಬಿಷಪ್ 384ರಲ್ಲಿ ಇಲ್ಲಿ ತೀರಿಕೊಂಡ. ಅವನ ಸಮಾಧಿಯ ಮೇಲೆ ಎದ್ದ ಬಸಿಲಿಕಾ ಊರ ನಡುವಿನ ವ್ರೈಟ್‌ಹಾಫ್ ಚೌಕದಲ್ಲಿದೆ. ಏಳು ವರ್ಷಕ್ಕೊಮ್ಮೆ ಅವನ ಅವಶೇಷಗಳ ದೊಡ್ಡ ಮೆರವಣಿಗೆ ಹೊರಡುತ್ತದೆ. ಭಕ್ತರಿಗೆ ಅವನು ಊರ ಕಾಯುವ ಸಂತ. ತೋಟದವರಿಗೆ ಅವನು ಚಳಿ ತರುವ ಸಂತ. ಮೇ 11ರಿಂದ ಸಾಲಾಗಿ ಬರುವ ಮಾಮೆರ್ಟಸ್, ಪಾಂಕ್ರಾಸ್, ಸೆರ್ವಾಸ್, ಬೋನಿಫಾಸ್ ಎಂಬ ನಾಲ್ವರನ್ನು ಯುರೋಪಿನ ರೈತರು ಹಿಮಸಂತರು ಎನ್ನುತ್ತಾರೆ. ಅವರು ದಾಟಿದ ಮೇಲೆಯೇ ರಾತ್ರಿಯ ಮಂಜುಗಡ್ಡೆಯ ಭಯ ಬಿಟ್ಟಂತೆ ಎಂಬುದು ನಂಬಿಕೆ.

ಇದನ್ನು ಮೊದಲು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಮಳೆ ನಕ್ಷತ್ರಗಳು. ಲೆಕ್ಕ ಹಾಕಿ ನೋಡಿ: ಭರಣಿ ಮುಗಿದು ಕೃತ್ತಿಕೆ ಹಿಡಿಯುವುದೂ ಮೇ 11ರ ಸುಮಾರಿಗೇ. ಕರ್ನಾಟಕದಲ್ಲಿ ರೈತ ಆಕಾಶ ನೋಡುವ ಹೊತ್ತಿಗೆ ಇಲ್ಲಿಯವನು ಥರ್ಮಾಮೀಟರು ನೋಡುತ್ತಿರುತ್ತಾನೆ. ಏಪ್ರಿಲ್ ಕೊನೆಗೆ ಬಳ್ಳಿ ಚಿಗುರಿರುತ್ತದೆ. ಎಳೆಯ ಚಿಗುರಿನ ತುಂಬ ನೀರು. ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದರೆ ಒಂದೇ ರಾತ್ರಿಯಲ್ಲಿ ಅದು ಸುಟ್ಟಂತೆ ಕಪ್ಪಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಮೊಗ್ಗು ಏಳುತ್ತದಾದರೂ ಅದು ಕೊಡುವ ಗೊಂಚಲು ಕಡಿಮೆ. 2017ರ ಏಪ್ರಿಲಿನಲ್ಲಿ ಯುರೋಪಿನ ಉದ್ದಗಲಕ್ಕೂ ಹೀಗೆ ಆಯಿತು. ಇಳಿಜಾರಿನಲ್ಲಿ ತೋಟ ಮಾಡುವ ಗುಟ್ಟೂ ಇದರಲ್ಲಿದೆ: ತಣ್ಣನೆಯ ಗಾಳಿ ಭಾರ, ಅದು ಜಾರಿ ಕೆಳಗೆ ಹೊಳೆಯ ಬದಿಗೆ ಹೋಗಿ ಕೂರುತ್ತದೆ, ಮೇಲಿನ ಸಾಲುಗಳು ಬಚಾವಾಗುತ್ತವೆ. ಇನ್ನೊಂದು ತಮಾಷೆ. 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರನ್ನು ತಿದ್ದಿ ಹತ್ತು ದಿನ ಕಿತ್ತುಹಾಕಿದಾಗ ಸಂತರ ತಾರೀಖು ಅಲ್ಲೇ ಉಳಿಯಿತು, ಚಳಿ ಮಾತ್ರ ತನ್ನ ಲೆಕ್ಕದಲ್ಲೇ ನಡೆಯಿತು. ಹಾಗಾಗಿ ಹಳೆಯ ರೈತನ ಮೇ 13 ನಮ್ಮ ಮೇ 23ರ ಹತ್ತಿರ ಬೀಳುತ್ತದೆ. ಈಗಂತೂ ಬಿಸಿ ಏರಿದ ಮಾರ್ಚಿಗೆ ಬಳ್ಳಿ ಬೇಗ ಚಿಗುರುತ್ತದೆ, ಪೆಟ್ಟು ಏಪ್ರಿಲಿನಲ್ಲೇ ಬೀಳುತ್ತದೆ. ಸಂತ ಸೆರ್ವಾಸ ಬರುವಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ.

ಆದರೂ ಮೇ 13ರ ಸಂಜೆ ನಾನು ಲೌಬೆರ್ಖಿನ ಬಾಟಲಿಯೊಂದನ್ನು ತೆರೆಯುತ್ತೇನೆ. ಜೊತೆಗೆ ಬಿಳಿ ಶತಾವರಿ. ಮಾಸ್ಟ್ರಿಕ್ಟ್ ಇರುವ ಲಿಂಬರ್ಗ್ ಪ್ರಾಂತ್ಯ ಇದಕ್ಕೆ ಹೆಸರುವಾಸಿ. ವಸಂತದಲ್ಲಿ ಕೊಯ್ಯಲು ಶುರುಮಾಡಿ ಜೂನ್ 24ರ ಸಂತ ಯೋಹಾನನ ಹಬ್ಬಕ್ಕೆ ನಿಲ್ಲಿಸಿಬಿಡುತ್ತಾರೆ, ಗಿಡ ಮುಂದಿನ ವರ್ಷಕ್ಕೆ ಚೇತರಿಸಿಕೊಳ್ಳಬೇಕಲ್ಲ. ಶತಾವರಿಯ ಸಣ್ಣ ಕಹಿಗೆ ಹುಳಿ ಜಾಸ್ತಿಯಿರುವ ವೈನ್ ಜಗಳಕ್ಕೆ ನಿಲ್ಲುತ್ತದೆ. ಮೆದುವಾದ ಓಕ್ಸೆರ್ವಾ ಹೊಂದಿಕೊಳ್ಳುತ್ತದೆ. ರೀಸ್ಲಿಂಗನ್ನು ನಮ್ಮ ಅಡುಗೆಗೆ ಎತ್ತಿಡಿ. ಇಲ್ಲಿಯ ಕನ್ನಡದ ಮನೆಗಳಲ್ಲಿ ಪುಳಿಯೋಗರೆ ಮಾಡಿದ ದಿನ ನಾನು ಹೇಳುವ ಸಲಹೆ ಅದೊಂದೇ. ಹುಣಸೆಯ ಹುಳಿಯ ಮುಂದೆ ಸಪ್ಪೆ ವೈನ್ ನೀರಾಗುತ್ತದೆ. ತಾನೂ ಹುಳಿಯಿದ್ದು, ಹಣ್ಣಿನ ಪರಿಮಳವಿದ್ದು, ಚೂರು ಸಿಹಿ ಉಳಿಸಿಕೊಂಡ ರೀಸ್ಲಿಂಗ್ ಮಾತ್ರ ಎಳ್ಳು, ಬೆಲ್ಲ, ಒಣಮೆಣಸಿನಕಾಯಿ ಎಲ್ಲದರ ಎದುರು ನಿಲ್ಲುತ್ತದೆ. ಓಕ್ ಪೀಪಾಯಿಯಲ್ಲಿ ಇಟ್ಟ ಒಗರು ಕೆಂಪು ವೈನನ್ನು ಮಾತ್ರ ಖಾರದ ಜೊತೆ ತರಬೇಡಿ, ನಾಲಗೆ ಉರಿದುಹೋಗುತ್ತದೆ. ಮ್ಯುಲರ್-ಥುರ್ಗೌ ಕೋಸಂಬರಿಗೆ ಸಾಕು. 1882ರಲ್ಲಿ ಹರ್ಮನ್ ಮ್ಯುಲರ್ ಎಂಬ ಸ್ವಿಸ್ ವಿಜ್ಞಾನಿ ಮಾಡಿದ ಈ ತಳಿಯನ್ನು ಬಲ್ಲವರು ಹಗುರವಾಗಿ ನೋಡುತ್ತಾರೆ. ಬಿಸಿಲಿರುವ ಮಧ್ಯಾಹ್ನ, ತಣ್ಣಗೆ, ಅದೇ ವರ್ಷ ಕುಡಿದು ಮುಗಿಸುವವರಿಗೆ ಅದರಲ್ಲಿ ಕೊರತೆಯೇನೂ ಕಾಣದು.

ಆಗಸ್ಟ್ ಕೊನೆಯ ವಾರ ವ್ರೈಟ್‌ಹಾಫ್ ಚೌಕದಲ್ಲಿ ಪ್ರೂವೆನೆಮಿಂಟ್. 1980ರ ದಶಕದಲ್ಲಿ ಶುರುವಾದ ತಿಂಡಿತೀರ್ಥದ ಜಾತ್ರೆ ಇದು, ಗುರುವಾರದಿಂದ ಭಾನುವಾರದವರೆಗೆ. ಊರಿನ ಹೋಟೆಲಿನವರು ಸಾಲಾಗಿ ಮಳಿಗೆ ಹಾಕುತ್ತಾರೆ, ಬಸಿಲಿಕಾದ ನೆರಳಿನಲ್ಲೇ ಜನ ಗ್ಲಾಸು ಹಿಡಿದು ನಿಂತಿರುತ್ತಾರೆ, ಬಂದ ಲಾಭ ದಾನಧರ್ಮಕ್ಕೆ. ಜಂಗುಳಿ ವಿಪರೀತ, ಬೆಲೆಯೂ ಹಾಗೇ. ನನ್ನ ಮಾತು ಕೇಳುವವರು ಗುರುವಾರ ಸಂಜೆಯೇ ಹೋಗಿ ಬರಲಿ. ಶನಿವಾರ ಹೋದರೆ ರುಚಿಗಿಂತ ಮೊಣಕೈಯೇ ಹೆಚ್ಚು ಸಿಗುತ್ತದೆ.

ಕೊಯ್ಲು ಸೆಪ್ಟೆಂಬರಿನಿಂದ ಅಕ್ಟೋಬರಿಗೆ, ರೀಸ್ಲಿಂಗ್ ಎಲ್ಲಕ್ಕಿಂತ ತಡ. ನವೆಂಬರ್ 11 ಸಂತ ಮಾರ್ಟಿನನ ದಿನ. ಆಸ್ಟ್ರಿಯಾದ ಕಡೆ ಅಂದು ಹೊಸ ವೈನಿಗೆ ಆಶೀರ್ವಾದ ಮಾಡಿಸುತ್ತಾರೆ. ಇಲ್ಲಿ ಅಂದು ಬೆಳಗ್ಗೆ 11 ಗಂಟೆ 11 ನಿಮಿಷಕ್ಕೆ ವ್ರೈಟ್‌ಹಾಫಿನಲ್ಲಿ ಕಾರ್ನಿವಲ್ ಋತು ಶುರುವಾಗುತ್ತದೆ, ಬಿಯರ್ ಹೊಳೆಯಾಗುತ್ತದೆ. ಅದಾದ ಮೇಲೆ ನವೆಂಬರಿನ ಮೂರನೆಯ ಗುರುವಾರ ಫ್ರಾನ್ಸಿನ ಬೋಜೋಲೇ ನೂವೋ. 1985ರಿಂದ ಬಿಡುಗಡೆಯ ದಿನ ಅದೇ. ಒಂದು ಗ್ಲಾಸು ಕುಡಿದು ಮರೆತುಬಿಡಬಹುದಾದ ವೈನ್.

ಚಳಿಗಾಲದ ಹಬ್ಬ ನೆಲದಡಿಗೆ ಸೇರಿದ್ದು. ಮನೆ ಕಟ್ಟಲು ಶತಮಾನಗಳ ಕಾಲ ಕಲ್ಲು ಕೊಯ್ದು ಕೊಯ್ದು ಗುಡ್ಡಗಳ ಹೊಟ್ಟೆಯೊಳಗೆ ಮೈಲಿಗಟ್ಟಲೆ ಸುರಂಗಗಳಾಗಿವೆ. ವರ್ಷವಿಡೀ ಒಂದೇ ತಂಪು, ಒಂದೇ ಕತ್ತಲು. ಎರಡನೇ ಮಹಾಯುದ್ಧದಲ್ಲಿ ರೆಂಬ್ರಾಂಟನ ‘ನೈಟ್ ವಾಚ್’ ಚಿತ್ರವನ್ನು ಸುರುಳಿ ಸುತ್ತಿ ಸಿಂಟ್ ಪೀಟರ್ಸ್‌ಬೆರ್ಖಿನ ಒಳಗೆ ಅಡಗಿಸಿಟ್ಟಿದ್ದರು. ಚಿತ್ರಕ್ಕೆ ಒಗ್ಗಿದ್ದು ವೈನಿಗೂ ಒಗ್ಗುತ್ತದೆ. ಕಾನರ್‌ಬೆರ್ಖ್ ಗುಡ್ಡಕ್ಕೆ ಒರಗಿ 1698ರಲ್ಲಿ ಕಟ್ಟಿದ ನೇರ್‌ಕಾನ್ ಕೋಟೆಮನೆಯ ವೈನ್ ನೆಲಮಾಳಿಗೆ ಇಂಥ ಗುಹೆಯೇ. 1991ರ ಡಿಸೆಂಬರಿನಲ್ಲಿ ಯುರೋಪಿನ ನಾಯಕರು ಮಾಸ್ಟ್ರಿಕ್ಟ್ ಒಪ್ಪಂದದ ಮಾತುಕತೆಗೆ ಬಂದಾಗ ರಾಣಿ ಬೆಯಾಟ್ರಿಕ್ಸ್ ಅವರಿಗೆ ಊಟ ಹಾಕಿಸಿದ್ದು ಅಲ್ಲಿ. ಅಂದು ಅವರೆಲ್ಲ ಗುಹೆಯ ಗೋಡೆಯ ಮೇಲೆ ಮಾಡಿದ ಸಹಿಗಳು ಈಗಲೂ ಇವೆ. ಒಪ್ಪಂದಕ್ಕೆ ವಿಧ್ಯುಕ್ತ ಸಹಿ ಬಿದ್ದದ್ದು 1992ರ ಫೆಬ್ರುವರಿ 7ರಂದು, ಮಾಸ್ ನದಿಯ ದಂಡೆಯ ಪ್ರಾಂತೀಯ ಭವನದಲ್ಲಿ. ಯೂರೋ ನಾಣ್ಯಕ್ಕೆ ದಾರಿ ಮಾಡಿದ್ದು ಆ ಕಾಗದ. ಗಡಿಗಳು ಸಡಿಲಾದ ಮೇಲೆ ವೈನೂ ಸುಮ್ಮನಿರಲಿಲ್ಲ: ‘ಮಾಸ್‌ವಾಲೈ ಲಿಂಬರ್ಗ್’ ಎಂಬ ಸಂರಕ್ಷಿತ ಮೂಲದ ಹೆಸರಿನ ಸೀಮೆ ಬೆಲ್ಜಿಯಂ, ನೆದರ್ಲೆಂಡ್ಸ್ ಎರಡರಲ್ಲೂ ಹರಡಿದೆ.

ಡಿಸೆಂಬರಿನಲ್ಲಿ ಅದೇ ವ್ರೈಟ್‌ಹಾಫಿನಲ್ಲಿ ಕ್ರಿಸ್‌ಮಸ್ ಸಂತೆ, ಬಿಸಿ ಮಾಡಿದ ಗ್ಲೂವೈನ್. ಅಗ್ಗದ ಕೆಂಪು ವೈನಿಗೆ ಸಕ್ಕರೆ, ಚಕ್ಕೆ, ಲವಂಗ ಸುರಿದು ಕುದಿಸಿದರೆ ಕೈ ಬೆಚ್ಚಗಾಗುತ್ತದೆ, ಅಷ್ಟೇ. ಕ್ರಿಸ್‌ಮಸ್ಸಿಗೆ ನನ್ನ ಓಟು ಮಂಗಳೂರಿಗೆ. ಅಲ್ಲಿಯ ಕ್ಯಾಥೊಲಿಕ್ ಮನೆಗಳಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ ಹಾಕಿ ಜಾಡಿಯಲ್ಲಿ ಹುದುಗಿಸಿಟ್ಟು, ಕುಸ್ವಾರ ಎಂಬ ಹಬ್ಬದ ತಿಂಡಿಗಳ ತಟ್ಟೆಯ ಪಕ್ಕ ಪುಟ್ಟ ಗ್ಲಾಸಿನಲ್ಲಿ ಕೊಡುವ ಮನೆವೈನ್ ತೀರ ಸಿಹಿ, ನಿಜ. ಆದರೆ ಅದಕ್ಕೊಂದು ದಿನವಿದೆ, ಮನೆಯಿದೆ, ಮಾಡಿದವರ ಕೈಯಿದೆ. ಕರ್ನಾಟಕದಲ್ಲಿ ವೈನಿಗೆ ನಿಜವಾದ ಹಬ್ಬ ಅಂತ ಇದ್ದರೆ ಇದೊಂದೇ.

ಹಾಗೆಂದು ನಮಗೆ ವೈನ್ ಹೊಸದೇನಲ್ಲ. ಹಳಗನ್ನಡದ ಮಹಾಕಾವ್ಯದ ಹದಿನೆಂಟು ವರ್ಣನೆಗಳ ಪಟ್ಟಿಯಲ್ಲಿ ಸೂರ್ಯೋದಯ, ಜಲಕ್ರೀಡೆಗಳ ಜೊತೆ ಮಧುಪಾನಕ್ಕೂ ಜಾಗವಿದೆ. ಕವಿ ಅದನ್ನು ಬಿಟ್ಟರೆ ಕಾವ್ಯ ಅಪೂರ್ಣವೆಂದು ಬಗೆದಿದ್ದ ನಾಡು, ಈಗ ಮಾವನವರು ಬರುತ್ತಾರೆಂದು ಬಾಟಲಿಯನ್ನು ಅಟ್ಟಕ್ಕೆ ಸೇರಿಸುತ್ತದೆ. ದ್ರಾಕ್ಷಿಯೂ ನಮಗೆ ಹೊಸದಲ್ಲ. ವಿಜಯಪುರದ ರೈತ ವರ್ಷಕ್ಕೆರಡು ಸಲ, ಏಪ್ರಿಲಿಗೊಮ್ಮೆ ಅಕ್ಟೋಬರಿಗೊಮ್ಮೆ ಚಾಟನಿ ಮಾಡುತ್ತಾನೆ. ಚಳಿಗೆ ತಾನಾಗಿ ನಿದ್ದೆ ಹೋಗುವ ಲೌಬೆರ್ಖಿನ ಬಳ್ಳಿಗೆ ಸಾಕಾಗುವ ಒಂದೇ ಚಾಟನಿ ನಮ್ಮ ಬಿಸಿಲಲ್ಲಿ ಸಾಲುವುದಿಲ್ಲ. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ತೋಟ 1988ರಿಂದ ಇದೆ. ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಗಳ ಸೀಮೆಯಲ್ಲಿ ಕೃಷ್ಮಾ ತೋಟ ಇದೆ. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸಕ್ಕೆಂದೇ ಒಂದು ನೀತಿ ತಂದಿತು, ಮಂಡಳಿಯನ್ನೂ ಮಾಡಿತು. ಮಂಡಳಿ ಬೆಂಗಳೂರಿನಲ್ಲಿ ಉತ್ಸವಗಳನ್ನೂ ನಡೆಸಿದೆ.

ಮಂಡಳಿಗೆ ನನ್ನದೊಂದು ಅರ್ಜಿ. ಉತ್ಸವವನ್ನು ನಗರದ ಮೈದಾನದಿಂದ ಎತ್ತಿ, ಕೊಯ್ಲು ನಡೆಯುವ ಫೆಬ್ರುವರಿ-ಮಾರ್ಚಿನಲ್ಲಿ ನಂದಿ ಕಣಿವೆಯ ತೋಟಕ್ಕೇ ತನ್ನಿ. ಯುಗಾದಿಗೆ ಮುಂಚಿನ ಆ ವಾರಗಳಲ್ಲಿ ಗೊಂಚಲು ಬಳ್ಳಿಯಲ್ಲಿರುತ್ತದೆ, ಬೆಳೆದವನು ಅಲ್ಲೇ ಇರುತ್ತಾನೆ, ಕುಡಿಯುವವನಿಗೆ ಕೇಳಲು ಪ್ರಶ್ನೆಗಳಿರುತ್ತವೆ. ಓದುಗರು ಅಷ್ಟರವರೆಗೆ ಕಾಯಬೇಕಿಲ್ಲ. ಬೆಂಗಳೂರಿನಿಂದ ದೊಡ್ಡಬಳ್ಳಾಪುರ ದೂರವಲ್ಲ. ಹೋಗುವವರು ಗಾಡಿ ಓಡಿಸಲು ಕುಡಿಯದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.