ಬೆನ್ನಿಗಿರಿದ ಈಟಿ: ಒಂದು ರೂಪಕದ ರಾಜಕಾರಣ

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ನಾಜಿ ಚಳವಳಿ ತಲೆಯೆತ್ತಿದ್ದನ್ನು ವರ್ಸೇಲ್ಸ್ ಒಪ್ಪಂದ, ಹಣದುಬ್ಬರ, ನಿರುದ್ಯೋಗಗಳಿಂದ ವಿವರಿಸುವುದು ವಾಡಿಕೆ. ಈ ಕಾರಣಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸೋಲಿಗೆ ಅರ್ಥ ಕಲ್ಪಿಸಿಕೊಟ್ಟ ರೂಪಕವೊಂದಿದೆ. ಅದರ ಪರಿಶೀಲನೆ ಸಾಹಿತ್ಯ ವಿಮರ್ಶೆಗೆ ಸೇರಿದ್ದು.

1918ರ ಸೆಪ್ಟೆಂಬರ್ ಕೊನೆಯಲ್ಲಿ ಕದನವಿರಾಮಕ್ಕೆ ಒತ್ತಾಯಿಸಿದವರು ಸೇನಾನಾಯಕರಾದ ಲೂಡೆನ್‌ಡಾರ್ಫ್ ಮತ್ತು ಹಿಂಡೆನ್‌ಬರ್ಗರೇ. ಆದರೂ 1919ರ ನವೆಂಬರಿನಲ್ಲಿ ಸಂಸದೀಯ ವಿಚಾರಣಾ ಸಮಿತಿಯ ಮುಂದೆ ಹಿಂಡೆನ್‌ಬರ್ಗ್, ಸೇನೆಯನ್ನು ಹಿಂದಿನಿಂದ ಇರಿಯಲಾಯಿತೆಂಬ ಮಾತನ್ನು ಮುಂದಿಟ್ಟರು. 1920ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಸೇನೆಯನ್ನು, ಹಾಗೆನ್‌ನ ಈಟಿಗೆ ಬಲಿಯಾದ ವೀರ ಸೀಗ್‌ಫ್ರೀಡ್‌ಗೆ ಹೋಲಿಸಿದರು. ಅದೇ ವರ್ಷ ಫೆಬ್ರವರಿ 24ರಂದು ಹಿಟ್ಲರ್ ಮ್ಯೂನಿಕ್‌ನಲ್ಲಿ ತನ್ನ ಪಕ್ಷದ 25 ಅಂಶಗಳ ಕಾರ್ಯಕ್ರಮವನ್ನು ಸಾರಿದನು. ಯೆಹೂದಿಗಳು ಪೌರರಾಗಲಾರರೆಂಬುದು ಅದರಲ್ಲೊಂದು. ಹೀಗೆ ಇರಿದವರು ಯಾರೆಂಬ ಪ್ರಶ್ನೆಗೆ ಚಳವಳಿ ಸಿದ್ಧ ಉತ್ತರ ಒದಗಿಸಿತು. ಕದನವಿರಾಮಕ್ಕೆ ಸಹಿ ಹಾಕಿದ್ದ ಎರ್ಟ್ಸ್‌ಬರ್ಗರ್ 1921ರಲ್ಲಿ ಬಲಪಂಥೀಯ ಉಗ್ರರಿಂದ ಹತರಾದರು.

ಸೀಗ್‌ಫ್ರೀಡನ ಕಥೆಯಿರುವ ಮಧ್ಯಯುಗದ 'ನಿಬೆಲುಂಗೆನ್‌ಲೀಡ್' ಕಾವ್ಯ ಹೇಳುವುದೇ ಬೇರೆ. ಅಲ್ಲಿ ಹಾಗೆನ್ ಹೊರಗಿನವನಲ್ಲ. ಅರಸ ಗುಂಥರನ ಆಸ್ಥಾನದವನು, ಅರಸನ ಸಮ್ಮತಿ ಪಡೆದೇ ಕೊಂದವನು. ಕಾವ್ಯದ ಉತ್ತರಾರ್ಧವಾದರೋ ಸೇಡು ಇಡೀ ರಾಜಕುಲವನ್ನೇ ನುಂಗಿದ ವೃತ್ತಾಂತ. ರೂಪಕವನ್ನು ಎರವಲು ಪಡೆದವರು ಕೊಲೆಯನ್ನಷ್ಟೇ ಆಯ್ದುಕೊಂಡು ಕಾವ್ಯದ ವಿವೇಕವನ್ನು ಕೈಬಿಟ್ಟರು.

'ಬೆನ್ನಿಗೆ ಚೂರಿ' ನಮ್ಮ ನುಡಿಯಲ್ಲೂ ಸಲೀಸಾಗಿ ಬರುವ ಮಾತು. ಸೋಲಿನ ಹೊಣೆಯನ್ನು ಅದು ಯಾರಿಂದ ಯಾರಿಗೆ ದಾಟಿಸುತ್ತಿದೆಯೆಂದು ಕೇಳುವುದು ವಿಮರ್ಶಕರಾದ ನಮ್ಮ ಕರ್ತವ್ಯ.